ಮೌಸ್ ಮೂರು, ತೊಂದರೆಯೂ ಮೂರು: ಫಾರ್ಮ್ಯಾಟ್ ಮಾಡಿಸುವ ಮೊದಲು ಇಷ್ಟು ನೋಡಿ

ಪ್ರಶ್ನೆ: ಸರ್, ನಮ್ಮದು ದಾವಣಗೆರೆಯಲ್ಲಿ ಮೆಕ್ಕೆಜೋಳದ ವ್ಯಾಪಾರ. ಎ.ಪಿ.ಎಂ.ಸಿ. ಹತ್ತಿರ ಅಂಗಡಿ, ಹಿಂದೆ ಗೋಡೌನ್. ಲೆಕ್ಕವೆಲ್ಲ ನಾನೇ ಟ್ಯಾಲಿಯಲ್ಲಿ ಬರೆಯುತ್ತೇನೆ. ದಸರಾ ಮುಗಿದು ಮಾಲು ಬರುವ ಹೊತ್ತಿಗೇ ಮೌಸ್ ಕೈಕೊಟ್ಟಿತು. ಮೊದಲಿದ್ದದ್ದು ವೈರ್ ಮೌಸ್. ಸ್ವಲ್ಪ ಹೊತ್ತು ಬಿಟ್ಟು ಬಂದರೆ ಕರ್ಸರ್ ಅಲ್ಲಾಡುವುದಿಲ್ಲ. ಕಿತ್ತು ಮತ್ತೆ ಚುಚ್ಚಿದರೆ ಓಡುತ್ತದೆ. ಅದು ಹೋಯಿತು ಅಂತ ವೈರ್‌ಲೆಸ್ ತಂದೆವು. ಅದು ಕುಂಟುತ್ತಾ, ಹಾರುತ್ತಾ ಹೋಗುತ್ತದೆ. ಹೊರಗಿನ ಹಾರ್ಡ್‌ಡಿಸ್ಕ್ ಹಾಕಿ ಬ್ಯಾಕಪ್ ತೆಗೆಯುವಾಗ ಜಾಸ್ತಿ. ಆಮೇಲೆ ಮನೆಯಲ್ಲಿದ್ದ ಮಗನ ಹಳೇ ಮೌಸ್ ಹಾಕಿದೆ. ಅದರಲ್ಲಿ ಒಂದು ಸಲ ಒತ್ತಿದರೆ ಎರಡು ಸಲ ಒತ್ತಿದ ಹಾಗೆ ಆಗುತ್ತದೆ. ಹೋದ ವಾರ ಒಂದು ಫೋಲ್ಡರೇ ಕಾಣೆ! ಹುಡುಕಿದರೆ ಪಕ್ಕದ ಫೋಲ್ಡರ್ ಒಳಗೆ ಸಿಕ್ಕಿತು. ನೋಡಲು ಬಂದವರು, “ವೈರಸ್ ಹೊಕ್ಕಿದೆ, ಫಾರ್ಮ್ಯಾಟ್ ಮಾಡಬೇಕು. ಅದಕ್ಕೂ ಸರಿಹೋಗದಿದ್ದರೆ ಮದರ್‌ಬೋರ್ಡ್ ಬದಲಿಸಬೇಕು” ಅಂದರು. ಮಗ ಡ್ರೈವರ್ ಅಪ್‌ಡೇಟ್ ಮಾಡು ಅನ್ನುತ್ತಾನೆ. ಟೇಬಲ್ ಮೇಲೆ ಗಾಜು ಹಾಸಿದ್ದೇವೆ, ಅದರಡಿ ದೇವರ ಫೋಟೋ, ರೇಟಿನ ಪಟ್ಟಿ ಇಟ್ಟಿದ್ದೇವೆ. ಹಾಂ, ಸಿ.ಪಿ.ಯು. ಡಬ್ಬ ಮುಟ್ಟಿದರೆ ಆಗಾಗ ಜುಮ್ ಅನ್ನುತ್ತದೆ, ಅದು ಮೊದಲಿನಿಂದಲೂ ಇದೆ. ನಾಲ್ಕು ವರ್ಷದ ಲೆಕ್ಕ ಇದೆ ಸರ್. ಫಾರ್ಮ್ಯಾಟ್ ಅಂದ ಕೂಡಲೇ ಎದೆ ಧಸಕ್ಕೆಂದಿತು. ಏನು ಮಾಡಲಿ?
— ಓದುಗರು, ದಾವಣಗೆರೆ

ಉತ್ತರ: ಮೇಡಂ, ಮೊದಲು ಧೈರ್ಯ ತಂದುಕೊಳ್ಳಿ. ಫಾರ್ಮ್ಯಾಟ್ ಮಾಡಿಸಬೇಡಿ, ಅಂದರೆ ಡಿಸ್ಕ್ ಅಳಿಸಿ ವಿಂಡೋಸ್ ಹೊಸದಾಗಿ ಹಾಕಿಸುವುದು ಬೇಡ. ನೀವು ಬರೆದಿದ್ದರಲ್ಲಿ ಅದಕ್ಕೆ ಕಾರಣವೇ ಕಾಣುತ್ತಿಲ್ಲ. ಮಾಡಿಸಿದರೂ ಈ ತೊಂದರೆಗಳು ಹೋಗುತ್ತವೆ ಅಂತ ನನಗೆ ಅನ್ನಿಸುವುದಿಲ್ಲ.

ನೀವು ಇದನ್ನು ಒಂದೇ ಕಾಯಿಲೆ ಅಂದುಕೊಂಡಿದ್ದೀರಿ. ಮೂರು ಮೌಸ್ ಹಾಕಿದರೂ ಸರಿಹೋಗಲಿಲ್ಲ, ಅಂದಮೇಲೆ ಕಂಪ್ಯೂಟರೇ ಕೆಟ್ಟಿದೆ ಅನ್ನಿಸುವುದು ಸಹಜ. ಆದರೆ ಮೂರೂ ಮೌಸ್ ಒಂದೇ ಥರ ಕೈಕೊಟ್ಟಿಲ್ಲ, ಗಮನಿಸಿದಿರಾ? ಮೊದಲನೆಯದು ನಿಂತುಹೋಗುತ್ತದೆ. ಎರಡನೆಯದು ಕುಂಟುತ್ತದೆ. ಮೂರನೆಯದು ಚೆನ್ನಾಗಿ ಓಡುತ್ತದೆ, ಆದರೆ ತಪ್ಪಾಗಿ ಒತ್ತುತ್ತದೆ. ಇವು ಮೂರು ಬೇರೆ ಬೇರೆ ತೊಂದರೆಗಳು. ಜ್ವರ, ಕೆಮ್ಮು, ಹಲ್ಲುನೋವು ಮೂರಕ್ಕೂ ಒಂದೇ ಇಂಜೆಕ್ಷನ್ ಕೊಟ್ಟರೆ ಹೇಗೆ? ರಿಪೇರಿಗೆ ಬಂದವರು “ಮೌಸ್ ಕೆಲಸ ಮಾಡ್ತಿಲ್ಲ” ಅಂದಾಗ ನಾನು ಮೊದಲು ಕೇಳುವುದು ಮೂರೇ ಪ್ರಶ್ನೆ. ಕೆಳಗಿನ ಲೈಟ್ ಉರಿಯುತ್ತಿದೆಯಾ? ಕರ್ಸರ್ ಓಡುತ್ತದಾ? ಒತ್ತಿದರೆ ಕೇಳುತ್ತದಾ? ಅರ್ಧ ಉತ್ತರ ಅಲ್ಲೇ ಸಿಗುತ್ತದೆ.

ರಿಪೇರಿಗೆ ಕೈಹಾಕುವ ಮೊದಲು ಲೆಕ್ಕದ ಬ್ಯಾಕಪ್ ತೆಗೆಯಿರಿ. ಮೌಸ್ ಇಲ್ಲದೆ ಹೇಗೆ ಅನ್ನಬೇಡಿ. ಟ್ಯಾಲಿ ಮೊದಲಿನಿಂದಲೂ ಕೀಬೋರ್ಡಿನಲ್ಲೇ ನಡೆಸಲು ಮಾಡಿದ ಸಾಫ್ಟ್‌ವೇರ್, ಅದು ನನಗಿಂತ ನಿಮಗೇ ಚೆನ್ನಾಗಿ ಗೊತ್ತು. ಉಳಿದ ಕೆಲಸಕ್ಕೆ ವಿಂಡೋಸ್‌ನಲ್ಲೇ ಒಂದು ದಾರಿ ಇದೆ. ಎಡಗಡೆಯ ಆಲ್ಟ್, ಎಡಗಡೆಯ ಶಿಫ್ಟ್, ನಮ್ ಲಾಕ್, ಈ ಮೂರನ್ನೂ ಒಟ್ಟಿಗೆ ಒತ್ತಿ. ‘ಮೌಸ್ ಕೀಸ್’ ಆನ್ ಮಾಡಲಾ ಅಂತ ಕೇಳುತ್ತದೆ. ಎಂಟರ್ ಒತ್ತಿ. ಈಗ ಬಲಗಡೆಯ ಅಂಕಿಗಳೇ ನಿಮ್ಮ ಮೌಸ್. 8 ಒತ್ತಿದರೆ ಕರ್ಸರ್ ಮೇಲೆ, 2 ಕೆಳಗೆ, 4 ಎಡಕ್ಕೆ, 6 ಬಲಕ್ಕೆ. ನಡುವಿನ 5 ಒತ್ತಿದರೆ ಕ್ಲಿಕ್. ಪ್ಲಸ್ ಒತ್ತಿದರೆ ಡಬಲ್ ಕ್ಲಿಕ್. ಮೊದಮೊದಲು ನಿಧಾನ ಅನ್ನಿಸುತ್ತದೆ, ಐದು ನಿಮಿಷದಲ್ಲಿ ಕೈಗೆ ಕೂರುತ್ತದೆ. ಸುಗ್ಗಿ ಹೊತ್ತಿನಲ್ಲಿ ಲಾರಿ ಹೊರಗೆ ನಿಂತಿರುತ್ತದೆ, ಬಿಲ್ ಕೊಡಲೇಬೇಕು. ಮೌಸ್ ಸತ್ತಿತು ಅಂತ ಕೈಕಟ್ಟಿ ಕೂರುವಂತಿಲ್ಲ, ಅಲ್ವಾ? ಬ್ಯಾಕಪ್ ಎರಡು ಕಡೆ ಇಡಿ. ಒಂದು ಆ ಹಾರ್ಡ್‌ಡಿಸ್ಕ್‌ನಲ್ಲಿರಲಿ. ಇನ್ನೊಂದು ಪೆನ್‌ಡ್ರೈವ್‌ನಲ್ಲಿ ಹಾಕಿ ಮನೆಗೆ ಒಯ್ಯಿರಿ.

ಇನ್ನು ವೈರಸ್ ಮಾತು. ಅವರಿಗೆ ಹಾಗೆ ಅನ್ನಿಸಿದ್ದು ಆ ಫೋಲ್ಡರ್ ಕಾಣೆಯಾದದ್ದರಿಂದ ಅಂತ ಕಾಣುತ್ತದೆ. ಅದಕ್ಕೆ ಬಹಳ ಸರಳವಾದ ಕಾರಣ ಇದೆ, ಮೂರನೇ ಮೌಸ್ ವಿಷಯಕ್ಕೆ ಬಂದಾಗ ಹೇಳುತ್ತೇನೆ. ವೈರಸ್‌ನಿಂದ ಕಂಪ್ಯೂಟರ್ ನಿಧಾನವಾಗಬಹುದು, ಫೈಲ್ ಹಾಳಾಗಬಹುದು, ದುಡ್ಡು ಕೇಳುವ ಸಂದೇಶ ಬರಬಹುದು. ಆದರೆ ಕಿತ್ತು ಚುಚ್ಚಿದ ಕೂಡಲೇ ವೈರಸ್ ಸುಮ್ಮನಾಗುವುದಿಲ್ಲ. ನಿಮಗೆ ಅನುಮಾನ ಉಳಿದರೆ ವಿಂಡೋಸ್ ಜೊತೆಗೇ ಬರುವ ಡಿಫೆಂಡರ್‌ನಲ್ಲಿ ಫುಲ್ ಸ್ಕ್ಯಾನ್ ಕೊಟ್ಟು ರಾತ್ರಿ ಬಿಟ್ಟುಬಿಡಿ. ಅದಕ್ಕೆ ಫಾರ್ಮ್ಯಾಟ್ ಬೇಕಿಲ್ಲ.

ಒಂದು ಸಂದರ್ಭದಲ್ಲಿ ಮಾತ್ರ ನಿಜಕ್ಕೂ ಹೆದರಬೇಕು. ಕರ್ಸರ್ ಸುಮ್ನೆ ನಡುಗುವುದೋ ಜಾರುವುದೋ ಅಲ್ಲ. ನೀವು ಕೈಯಿಡದೆ ಅದು ತಾನೇ ಹೋಗಿ ಫೈಲ್ ತೆರೆಯುವುದು, ಬ್ರೌಸರ್ ತೆರೆಯುವುದು, ಬ್ಯಾಂಕಿನ ಪುಟಕ್ಕೆ ಹೋಗುವುದು. ಹಾಗಾದರೆ ಯಾರೋ ದೂರದಿಂದ ನಿಮ್ಮ ಕಂಪ್ಯೂಟರ್ ನಡೆಸುತ್ತಿದ್ದಾರೆ ಅಂತ ಅರ್ಥ. ಮೊದಲು ಇಂಟರ್‌ನೆಟ್ ಕೇಬಲ್ ಕಿತ್ತುಬಿಡಿ, ಇಲ್ಲವೇ ರೂಟರ್ ಆಫ್ ಮಾಡಿ. ಆಮೇಲೆ ಬ್ಯಾಂಕಿಗೆ ಫೋನ್ ಮಾಡಿ. ದುಡ್ಡು ಹೋಗಿದ್ದರೆ ತಡ ಮಾಡದೆ 1930ಕ್ಕೆ ಕರೆ ಮಾಡಿ, ಅದು ಸೈಬರ್ ವಂಚನೆಗೇ ಇರುವ ಸಹಾಯವಾಣಿ. ನೀವು ಬರೆದದ್ದು ಇದಲ್ಲ. ಆದರೂ ಓದುವ ಬೇರೆಯವರಿಗೆ ಗೊತ್ತಿರಲಿ ಅಂತ ಹೇಳಿದೆ.

ಈಗ ಮೊದಲನೇ ಮೌಸ್. “ಸ್ವಲ್ಪ ಹೊತ್ತು ಬಿಟ್ಟು ಬಂದರೆ” ಅಂತ ಬರೆದಿದ್ದೀರಿ. ಇಡೀ ಪತ್ರದಲ್ಲಿ ನನಗೆ ತುಂಬ ಉಪಯೋಗಕ್ಕೆ ಬಂದ ಮಾತು ಅದು. ವೈರ್ ಒಳಗೆ ತುಂಡಾಗಿದ್ದರೆ ನೀವು ಕೈಯಾಡಿಸುವಾಗಲೇ ಕೈಕೊಡುತ್ತದೆ. ಸುಮ್ಮನಿದ್ದು ಬಂದಾಗ ಮಾತ್ರ ನಿಲ್ಲುತ್ತದೆ ಅಂದರೆ ನನ್ನ ಅನುಮಾನ ವಿಂಡೋಸ್‌ನ ಕರೆಂಟ್ ಉಳಿಸುವ ವ್ಯವಸ್ಥೆಯ ಮೇಲೆ. ಕೆಲಸವಿಲ್ಲದೆ ಇರುವ ಯು.ಎಸ್.ಬಿ. ಸಾಮಾನುಗಳನ್ನು ವಿಂಡೋಸ್ ಮಲಗಿಸುತ್ತದೆ. ಅಲ್ಲಾಡಿಸಿದ ಕೂಡಲೇ ಅದು ಏಳಬೇಕು. ಕೆಲವು ಮೌಸ್, ಕೆಲವು ಮದರ್‌ಬೋರ್ಡ್ ಜೋಡಿಯಲ್ಲಿ ಏಳುವುದಿಲ್ಲ. ಕಿತ್ತು ಚುಚ್ಚಿದಾಗ ಕಂಪ್ಯೂಟರ್ ಅದನ್ನು ಹೊಸದಾಗಿ ಗುರುತಿಸುತ್ತದೆ, ಓಡುತ್ತದೆ.

ಇದನ್ನು ನಿಲ್ಲಿಸಲು ಕಂಟ್ರೋಲ್ ಪ್ಯಾನೆಲ್‌ನಲ್ಲಿ ಪವರ್ ಆಪ್ಷನ್ಸ್ ತೆರೆಯಿರಿ. ನಿಮ್ಮ ಪ್ಲಾನ್ ಪಕ್ಕದಲ್ಲಿ ‘ಚೇಂಜ್ ಪ್ಲಾನ್ ಸೆಟ್ಟಿಂಗ್ಸ್’ ಇರುತ್ತದೆ. ಅದರೊಳಗೆ ಅಡ್ವಾನ್ಸ್‌ಡ್ ಸೆಟ್ಟಿಂಗ್ಸ್, ಅದರಲ್ಲಿ ‘ಯು.ಎಸ್.ಬಿ. ಸೆಲೆಕ್ಟಿವ್ ಸಸ್ಪೆಂಡ್’. ಅದನ್ನು ಡಿಸೇಬಲ್ ಮಾಡಿ. ಇನ್ನೊಂದು ಕಡೆಯೂ ನೋಡಬೇಕು. ವಿಂಡೋಸ್ ಕೀ ಜೊತೆ ಎಕ್ಸ್ ಒತ್ತಿದರೆ ಬರುವ ಪಟ್ಟಿಯಲ್ಲಿ ಡಿವೈಸ್ ಮ್ಯಾನೇಜರ್ ಇದೆ. ಅದರಲ್ಲಿ ಕೊನೆಯ ಹತ್ತಿರ ಯು.ಎಸ್.ಬಿ. ಕಂಟ್ರೋಲರ್ಸ್ ಅಂತ ಇರುತ್ತದೆ. ಅಲ್ಲಿನ ‘ರೂಟ್ ಹಬ್’ ತೆರೆದು ಪವರ್ ಮ್ಯಾನೇಜ್‌ಮೆಂಟ್‌ಗೆ ಹೋಗಿ. ಕರೆಂಟ್ ಉಳಿಸಲು ಇದನ್ನು ಆಫ್ ಮಾಡಬಹುದು ಅನ್ನುವ ಸಾಲಿನ ಟಿಕ್ ತೆಗೆಯಿರಿ. ಡೆಸ್ಕ್‌ಟಾಪ್‌ಗೆ ಇದರಿಂದ ಏನೂ ನಷ್ಟವಿಲ್ಲ. ಲ್ಯಾಪ್‌ಟಾಪ್ ಆಗಿದ್ದರೆ ಬ್ಯಾಟರಿ ಸ್ವಲ್ಪ ಬೇಗ ಇಳಿಯಬಹುದು, ಅಷ್ಟೇ. ಹೊಸದಾಗಿ ವಿಂಡೋಸ್ ಹಾಕಿದರೆ ಈ ಸೆಟ್ಟಿಂಗ್ ಮತ್ತೆ ಆನ್ ಆಗಿಯೇ ಬರುತ್ತದೆ. ಹಾಗಾಗಿ ಫಾರ್ಮ್ಯಾಟ್ ಮಾಡಿದ್ದರೂ ಈ ಮೌಸ್ ಮತ್ತೆ ನಿಲ್ಲುತ್ತಿತ್ತು.

ಇದನ್ನು ಮಾಡಿದ ಮೇಲೆ ರೀಸ್ಟಾರ್ಟ್ ಕೊಡಿ. ಶಟ್‌ಡೌನ್ ಮಾಡಿ ಆನ್ ಮಾಡುವುದು ಬೇಡ. ವಿಂಡೋಸ್ 8ರಿಂದ ಈಚೆಗೆ ‘ಫಾಸ್ಟ್ ಸ್ಟಾರ್ಟಪ್’ ಅಂತ ಒಂದಿದೆ. ಶಟ್‌ಡೌನ್ ಮಾಡಿದಾಗ ವಿಂಡೋಸ್‌ನ ಒಳಭಾಗ ಪೂರ್ತಿ ಮುಚ್ಚುವುದಿಲ್ಲ. ಇದ್ದ ಸ್ಥಿತಿಯನ್ನೇ ಡಿಸ್ಕ್‌ನಲ್ಲಿ ಬರೆದಿಟ್ಟು, ಬೆಳಿಗ್ಗೆ ಅದನ್ನೇ ಎತ್ತಿಕೊಳ್ಳುತ್ತದೆ. ನಿನ್ನೆಯ ಗೊಂದಲ ಇವತ್ತಿಗೂ ಬರುತ್ತದೆ. ರೀಸ್ಟಾರ್ಟ್ ಮಾಡಿದರೆ ಮಾತ್ರ ಎಲ್ಲವೂ ಹೊಸದಾಗಿ ಶುರು.

ಅಷ್ಟಾದರೂ ನಿಲ್ಲುತ್ತಿದ್ದರೆ ಆಗ ವೈರ್ ನೋಡೋಣ. ವೈರ್ ಮುರಿಯುವುದು ಎರಡು ಜಾಗದಲ್ಲಿ ಜಾಸ್ತಿ: ಮೌಸ್ ಒಳಗೆ ಹೋಗುವ ಕುತ್ತಿಗೆಯ ಹತ್ತಿರ, ಮತ್ತೆ ಪ್ಲಗ್ ಹತ್ತಿರ. ಆ ಜಾಗ ಹಿಡಿದು ಮೆಲ್ಲಗೆ ಬಾಗಿಸುತ್ತಾ ಕೆಳಗಿನ ಲೈಟ್ ನೋಡಿ. ಒಳಗೆ ಸಾಮಾನ್ಯವಾಗಿ ನಾಲ್ಕು ಎಳೆ ಇರುತ್ತವೆ. ಎರಡು ಕರೆಂಟಿಗೆ, ಎರಡು ಮಾಹಿತಿಗೆ. ಕರೆಂಟಿನ ಎಳೆ ಹೋಗಿದ್ದರೆ ಲೈಟ್ ಮಿಣುಕುತ್ತದೆ, ಇಲ್ಲವೇ ಆರುತ್ತದೆ. ಮಾಹಿತಿಯ ಎಳೆ ಹೋಗಿದ್ದರೆ ಲೈಟ್ ಉರಿಯುತ್ತಲೇ ಇರುತ್ತದೆ, ಆದರೆ ಕರ್ಸರ್ ಕದಲುವುದಿಲ್ಲ. ಕೆಲವೊಮ್ಮೆ ‘ಯು.ಎಸ್.ಬಿ. ಡಿವೈಸ್ ನಾಟ್ ರೆಕಗ್ನೈಸ್ಡ್’ ಅಂತ ಮೂಲೆಯಲ್ಲಿ ಬರುತ್ತದೆ. ನಿಮ್ಮದು ಜೋಳದ ಗೋಡೌನ್. ಇಲಿ ಇಲ್ಲದೆ ಇರುವುದಿಲ್ಲ. ಟೇಬಲ್ ಹಿಂದೆ ಟಾರ್ಚ್ ಬಿಟ್ಟು ವೈರ್ ಉದ್ದಕ್ಕೂ ಹಲ್ಲಿನ ಗುರುತು ಇದೆಯಾ ನೋಡಿ. ಮೌಸ್ ವೈರ್ ಕಡಿದ ಇಲಿ ಪಕ್ಕದ ಕರೆಂಟ್ ವೈರನ್ನೂ ಬಿಟ್ಟಿರುವುದಿಲ್ಲ. ಅದಕ್ಕೇ ನೋಡುವ ಮೊದಲು ಮೇನ್ ಆಫ್ ಮಾಡಿ.

ಮೌಸ್ ಸರಿಯಿದೆಯಾ, ಕಂಪ್ಯೂಟರ್ ಸರಿಯಿದೆಯಾ ಅಂತ ಗೊತ್ತುಮಾಡಿಕೊಳ್ಳಲು ಯಾರನ್ನೂ ಕರೆಸಬೇಕಿಲ್ಲ. ನಿಮ್ಮ ಆಂಡ್ರಾಯ್ಡ್ ಫೋನೇ ಸಾಕು. ಮೊಬೈಲ್ ಅಂಗಡಿಯಲ್ಲಿ ಓ.ಟಿ.ಜಿ. ಅಂತ ಕೇಳಿ, ಬೆರಳಿನಷ್ಟು ಸಣ್ಣ ಜೋಡಣೆ, ಬೆಲೆಯೂ ಕಮ್ಮಿ. ಅದನ್ನು ಫೋನಿಗೆ ಹಾಕಿ ಮೌಸ್ ಚುಚ್ಚಿ. ಫೋನಿನ ಸ್ಕ್ರೀನ್ ಮೇಲೆ ಸಣ್ಣ ಬಾಣ ಬರುತ್ತದೆ. ಕೆಲವು ಫೋನ್‌ಗಳಲ್ಲಿ ಸೆಟ್ಟಿಂಗ್ಸ್ ಒಳಗೆ ಓ.ಟಿ.ಜಿ. ಆನ್ ಮಾಡಬೇಕಾಗುತ್ತದೆ. ಅಲ್ಲಿ ಹತ್ತು ನಿಮಿಷ ಸರಾಗವಾಗಿ ಓಡಿದರೆ ಮೌಸ್‌ನಲ್ಲಿ ದೋಷವಿಲ್ಲ. ಅಲ್ಲೂ ಅದೇ ಚಾಳಿ ತೋರಿಸಿದರೆ ಕಂಪ್ಯೂಟರ್ ಮೇಲೆ ಅನುಮಾನ ಪಡಬೇಕಿಲ್ಲ. ಮೂರೂ ಮೌಸ್ ಹೀಗೆ ಪರೀಕ್ಷೆ ಮಾಡಿ. ಹಾಗೇ ಸಿ.ಪಿ.ಯು. ಮುಂದಿನ ತೂತು ಬಿಟ್ಟು ಹಿಂದಿನದಕ್ಕೆ ಹಾಕಿ ನೋಡಿ. ಹಿಂದಿನವು ಬೋರ್ಡಿಗೇ ಬೆಸುಗೆ ಹಾಕಿದವು. ಮುಂದಿನವು ಒಳಗೆ ಒಂದು ಸಣ್ಣ ಕೇಬಲ್ ಮೂಲಕ ಬರುತ್ತವೆ. ಪೆನ್‌ಡ್ರೈವ್ ಹಾಕಿ ತೆಗೆದು ಅವೇ ಬೇಗ ಸಡಿಲವಾಗುವುದು.

ಎರಡನೇ ಮೌಸ್, ಅಂದರೆ ವೈರ್‌ಲೆಸ್ಸು. ಇದರದ್ದು ಬೇರೆಯೇ ಕಥೆ. ಬ್ಯಾಕಪ್ ತೆಗೆಯುವಾಗ ಜಾಸ್ತಿ ಕುಂಟುತ್ತದೆ ಅಂದಿರಲ್ಲ, ಉತ್ತರ ಅದರಲ್ಲೇ ಇದೆ. ಈ ಮೌಸ್ ತನ್ನ ಡಾಂಗಲ್ (ಕಂಪ್ಯೂಟರ್‌ಗೆ ಚುಚ್ಚುವ ಪುಟ್ಟ ತುಣುಕು) ಜೊತೆ ಮಾತಾಡುವುದು 2.4 ಗಿಗಾಹರ್ಟ್ಸ್ ರೇಡಿಯೋ ಅಲೆಯಲ್ಲಿ. ಹಾರ್ಡ್‌ಡಿಸ್ಕ್ ಹಾಕುವ ನೀಲಿ ಬಣ್ಣದ ಯು.ಎಸ್.ಬಿ. 3 ತೂತು ಇದೆಯಲ್ಲ, ಅದು ಜೋರಾಗಿ ಕೆಲಸ ಮಾಡುವಾಗ ಇದೇ 2.4ರ ಆಸುಪಾಸಿನಲ್ಲಿ ರೇಡಿಯೋ ಗದ್ದಲ ಎಬ್ಬಿಸುತ್ತದೆ. ಇದು ಊಹೆಯಲ್ಲ. 2012ರಲ್ಲಿ ಇಂಟೆಲ್ ಕಂಪನಿಯೇ ಅಳತೆ ಮಾಡಿ ಪ್ರಕಟಿಸಿದೆ. ಡಾಂಗಲ್ ಪಕ್ಕದಲ್ಲೇ ಹಾರ್ಡ್‌ಡಿಸ್ಕ್ ಇದ್ದರೆ ಮೌಸ್‌ನ ಮಾತು ಅದಕ್ಕೆ ಕೇಳಿಸುವುದಿಲ್ಲ. ಅದರ ಮೇಲೆ ಸಿ.ಪಿ.ಯು. ಹಿಂಭಾಗ ತಗಡಿನ ಡಬ್ಬ. ಸ್ಟೀಲ್ ಟೇಬಲ್ ಆಗಿದ್ದರೆ ಇನ್ನೂ ಕಷ್ಟ.

ಪರಿಹಾರ ಸುಲಭ. ಡಾಂಗಲ್ ಅನ್ನು ಹಾರ್ಡ್‌ಡಿಸ್ಕ್‌ನಿಂದ ದೂರದ, ಕಪ್ಪು ಬಣ್ಣದ ತೂತಿಗೆ ಹಾಕಿ. ಇನ್ನೂ ಒಳ್ಳೆಯದು, ಒಂದು ಯು.ಎಸ್.ಬಿ. ಎಕ್ಸ್‌ಟೆನ್ಷನ್ ಕೇಬಲ್ ತಂದು ಡಾಂಗಲ್ ಅನ್ನು ಟೇಬಲ್ ಮೇಲೆ, ಮೌಸ್ ಕಣ್ಣಿಗೆ ಕಾಣುವ ಹಾಗೆ ಇಡಿ. ವೈಫೈ ರೂಟರ್ ಪಕ್ಕದಲ್ಲಿದ್ದರೆ ಅದನ್ನೂ ಆಚೆ ಸರಿಸಿ. ಸೆಲ್ ಹೊಸದು ಹಾಕಿ. ಸೆಲ್ ಇಳಿದರೂ ಹೀಗೇ ಕುಂಟುತ್ತದೆ. ಸುಗ್ಗಿ ಮುಗಿದು ತಿಂಗಳುಗಟ್ಟಲೆ ಬಳಸದೆ ಇಡುವಾಗ ಸೆಲ್ ತೆಗೆದಿಡಿ, ಇಲ್ಲದಿದ್ದರೆ ಒಳಗೇ ಸೋರಿ ತಂತಿ ತಿನ್ನುತ್ತದೆ. ಡಾಂಗಲ್ ಮಾತ್ರ ಜೋಪಾನ. ಹೆಚ್ಚಿನ ಮೌಸ್‌ಗಳಿಗೆ ಅವುಗಳ ಜೊತೆ ಬಂದ ಡಾಂಗಲ್ ಮಾತ್ರ ಹೊಂದುತ್ತದೆ. ಕಳೆದರೆ ಮೌಸೇ ಹೊಸದು ತರಬೇಕಾಗುತ್ತದೆ.

ಆಮೇಲೆ ನಿಮ್ಮ ಗಾಜು. ಈಗಿನ ಮೌಸ್ ಹೊಟ್ಟೆಯಲ್ಲಿ ಒಂದು ಪುಟ್ಟ ಕ್ಯಾಮೆರಾ ಇದೆ. ಅದು ಸೆಕೆಂಡಿಗೆ ಸಾವಿರಕ್ಕೂ ಜಾಸ್ತಿ ಚಿತ್ರ ತೆಗೆಯುತ್ತದೆ, ಒಂದರ ಪಕ್ಕ ಒಂದಿಟ್ಟು ಎಷ್ಟು ಸರಿಯಿತು ಅಂತ ಲೆಕ್ಕ ಹಾಕುತ್ತದೆ. ಅದರ ಲೆನ್ಸ್ ಹೊಂದಿಸಿರುವುದು ಎರಡು ಮೂರು ಮಿಲಿಮೀಟರ್ ದೂರಕ್ಕೆ. ಗಾಜಿನ ಮೇಲಿಟ್ಟರೆ ಬೆಳಕು ಗಾಜನ್ನು ದಾಟಿ ಕೆಳಗೆ ಹೋಗುತ್ತದೆ. ಅಲ್ಲಿನ ಫೋಟೋ, ರೇಟ್ ಪಟ್ಟಿ ಅದಕ್ಕೆ ಮಸುಕಾಗಿ ಕಾಣುತ್ತವೆ. ಗಾಜಿನ ಮೇಲೆ ಧೂಳು ಕೂತಿದ್ದಾಗ ಅಷ್ಟಿಷ್ಟು ಓಡಿ, ಚೆನ್ನಾಗಿ ಒರೆಸಿದ ಕೂಡಲೇ ನಿಲ್ಲುವುದೂ ಉಂಟು. ಪಾಲಿಶ್ ಮಾಡಿದ ಕಪ್ಪು ಗ್ರಾನೈಟ್ ಮೇಲೂ ಇದೇ ತೊಂದರೆ. ಗಾಜಿನ ಮೇಲೂ ಓಡುವ ದುಬಾರಿ ಮೌಸ್‌ಗಳು ಇವೆ, ನಿಮಗೆ ಬೇಡ. ಒಂದು ಬಟ್ಟೆಯ ಪ್ಯಾಡ್ ಹಾಕಿ. ಪ್ಯಾಡ್ ಸಿಗುವವರೆಗೆ ಹಳೇ ನೋಟ್‌ಬುಕ್ಕಿನ ರಟ್ಟು ಸಾಕು.

ಧೂಳಿನ ಬಗ್ಗೆ ಒಂದೆರಡು ಮಾತು ಜಾಸ್ತಿಯೇ ಹೇಳಬೇಕು. ನಮ್ಮ ಕಡೆ ಇದು ದೊಡ್ಡ ಕಾರಣ. ಮೌಸ್ ಬೋರಲು ಹಾಕಿ ಬೆಳಕಿಗೆ ಹಿಡಿಯಿರಿ. ಲೆನ್ಸ್ ಇರುವ ಸಣ್ಣ ಕುಳಿ ಕಾಣುತ್ತದೆ. ಮಂಡಿಗಳಿಂದ ಬರುವ ಮೌಸ್‌ಗಳಲ್ಲಿ ಆ ಕುಳಿಗೆ ಅಡ್ಡಲಾಗಿ ಗೋಣಿಚೀಲದ ಒಂದೇ ಒಂದು ಎಳೆ ಸಿಕ್ಕಿಕೊಂಡಿರುವುದನ್ನು ಎಷ್ಟೋ ಸಲ ನೋಡಿದ್ದೇನೆ. ಕೂದಲಿಗಿಂತ ಸ್ವಲ್ಪ ದಪ್ಪ, ಕಂದು ಬಣ್ಣ. ಅದು ಕ್ಯಾಮೆರಾದ ಎದುರೇ ಇರುವುದರಿಂದ, ಮೌಸ್ ಓಡಿದರೂ ಎಳೆ ಕದಲುವುದಿಲ್ಲ. ಕೆಳಗಿನ ನೆಲ ಸರಿಯುತ್ತಿದೆ, ಕಣ್ಣೆದುರಿನ ಎಳೆ ನಿಂತಿದೆ. ಯಾವುದನ್ನು ನಂಬಬೇಕೋ ತಿಳಿಯದೆ ಕರ್ಸರ್ ಅಲ್ಲೇ ನಡುಗುತ್ತದೆ. ಒಂದು ಚಿಮಟದಿಂದ ತೆಗೆದರೆ ಮೌಸ್ ಹೊಸದರ ಹಾಗೆ ಓಡುತ್ತದೆ. ಚಳ್ಳಕೆರೆಯ ಎಣ್ಣೆ ಮಿಲ್ ಆಫೀಸುಗಳ ಮೌಸ್‌ನಲ್ಲಿ ಧೂಳಿನ ಜೊತೆ ಜಿಡ್ಡೂ ಸೇರಿ, ಕೆಳಗಿನ ಕಾಲುಗಳಿಗೆ ಕಪ್ಪಗೆ ಮೆತ್ತಿಕೊಂಡಿರುತ್ತದೆ. ಉಗುರಿನಿಂದ ಕೆರೆದರೂ ಬರುತ್ತದೆ.

ಬಾಯಿಂದ ಊದಬೇಡಿ, ಎಂಜಲಿನ ತೇವ ಧೂಳನ್ನು ಅಲ್ಲೇ ಅಂಟಿಸುತ್ತದೆ. ಒಣ ಬ್ರಷ್ ಬಳಸಿ. ಜಿಡ್ಡಿದ್ದರೆ ಕಿವಿ ಒರೆಸುವ ಹತ್ತಿಕಡ್ಡಿಗೆ ಐಸೋಪ್ರೊಪೈಲ್ ಆಲ್ಕೋಹಾಲ್ ಒಂದು ಹನಿ ಮುಟ್ಟಿಸಿ ಒರೆಸಿ. ಪೆಟ್ರೋಲ್, ಥಿನ್ನರ್, ಉಗುರುಬಣ್ಣ ತೆಗೆಯುವ ದ್ರಾವಣ ಬೇಡವೇ ಬೇಡ. ಪ್ಲಾಸ್ಟಿಕ್ ಲೆನ್ಸ್ ಒಂದೇ ಸಲಕ್ಕೆ ಮಂಜಾಗುತ್ತದೆ, ಅದಕ್ಕೆ ಔಷಧಿ ಇಲ್ಲ.

ಮೂರನೇ ಮೌಸ್‌ಗೆ ಬರೋಣ. ಒಂದು ಒತ್ತಿದರೆ ಎರಡಾಗುವುದು. ಮೊದಲು ಸೆಟ್ಟಿಂಗ್ ನೋಡಿ. ಫೋಲ್ಡರ್ ಆಪ್ಷನ್ಸ್‌ನಲ್ಲಿ ‘ಸಿಂಗಲ್ ಕ್ಲಿಕ್ ಟು ಓಪನ್’ ಅಂತ ಒಂದಿದೆ. ಮಕ್ಕಳು ಯಾರಾದರೂ ಅದನ್ನು ಆನ್ ಮಾಡಿದ್ದರೆ ಮೌಸ್ ಕೆಡದೆಯೇ ಹೀಗಾಗುತ್ತದೆ. ಅದು ಸರಿಯಿದ್ದರೆ ಇನ್ನೊಂದು ಪರೀಕ್ಷೆ ಇದೆ. ಮೌಸ್ ಸೆಟ್ಟಿಂಗ್ಸ್‌ನಲ್ಲಿ ‘ಪ್ರೈಮರಿ ಬಟನ್’ ಅನ್ನು ಎಡದಿಂದ ಬಲಕ್ಕೆ ಬದಲಿಸಿ. ಈಗ ಬಲಗಡೆಯ ಗುಂಡಿಯೇ ಕ್ಲಿಕ್. ಅರ್ಧ ಗಂಟೆ ಕೆಲಸ ಮಾಡಿ. ತೊಂದರೆ ಮಾಯವಾದರೆ ಎಡಗುಂಡಿಯ ಸ್ವಿಚ್ ಸವೆದಿದೆ, ಬೇರೆ ಅನುಮಾನವೇ ಬೇಡ. ಹೊಸ ಮೌಸ್ ಬರುವವರೆಗೆ ಹೀಗೇ ನಡೆಸಬಹುದು.

ಆ ಗುಂಡಿಯ ಕೆಳಗೆ ಕಾಳಿನಷ್ಟು ಸಣ್ಣ ಸ್ವಿಚ್ ಇದೆ. ಅದರೊಳಗೆ ತೆಳು ಲೋಹದ ಪಟ್ಟಿ. ಒತ್ತಿದಾಗ ಅದು ಟಕ್ ಅಂತ ಬಾಗಿ ತಾಗುತ್ತದೆ. ಹೊಸದರಲ್ಲೂ ಅದು ತಾಗುವಾಗ ಒಂದೆರಡು ಸಲ ಅದುರುತ್ತದೆ, ನಮಗೆ ಗೊತ್ತಾಗುವುದಿಲ್ಲ. ಮೌಸ್‌ನ ಚಿಪ್ ಕೆಲವು ಮಿಲಿಸೆಕೆಂಡ್ ಕಾದು, ಆ ಅದುರಾಟವನ್ನು ಲೆಕ್ಕಕ್ಕೆ ಹಿಡಿಯದೆ ಬಿಡುತ್ತದೆ. ಪಟ್ಟಿಯ ಬಿಗಿ ಹೋದಾಗ, ತಾಗುವ ಜಾಗದಲ್ಲಿ ಕಿಲುಬು ಬಂದಾಗ ಅದುರಾಟ ಉದ್ದವಾಗುತ್ತದೆ. ಚಿಪ್ ಅದನ್ನು ಎರಡನೇ ಒತ್ತು ಅಂತ ಎಣಿಸುತ್ತದೆ.

ನಿಮ್ಮ ಫೋಲ್ಡರ್ ಕಾಣೆಯಾದದ್ದು ಇದರಿಂದಲೇ ಅಂತ ನನ್ನ ನಂಬಿಕೆ. ಇಂಥ ಸ್ವಿಚ್ಚಿನಲ್ಲಿ ನೀವು ಒತ್ತಿ ಹಿಡಿದು ಎಳೆಯುವಾಗ ನಡುವೆ ಒಂದು ಕ್ಷಣ ಕೈಬಿಟ್ಟ ಹಾಗೆ ಆಗುತ್ತದೆ. ಎಳೆಯುತ್ತಿದ್ದ ಫೋಲ್ಡರ್ ಆ ಹೊತ್ತಿಗೆ ಯಾವ ಫೋಲ್ಡರ್ ಮೇಲಿತ್ತೋ ಅದರೊಳಗೆ ಬೀಳುತ್ತದೆ. ಮುಂದೆ ಹೀಗಾದರೆ ಕೂಡಲೇ ಕಂಟ್ರೋಲ್ ಜೊತೆ ಝಡ್ ಒತ್ತಿ, ಇದ್ದ ಜಾಗಕ್ಕೆ ವಾಪಸ್ ಬರುತ್ತದೆ. ಇದೇ ಕಾರಣಕ್ಕೆ ಈ ಮೂರನೇ ಮೌಸ್ ಅನ್ನು ಲೆಕ್ಕದ ಕಂಪ್ಯೂಟರ್‌ನಿಂದ ಇವತ್ತೇ ತೆಗೆಯಿರಿ ಅನ್ನುತ್ತೇನೆ. ನಿಂತುಹೋಗುವ ಮೌಸ್‌ನಿಂದ ಕೆಲಸ ತಡವಾಗುತ್ತದೆ. ತಪ್ಪಾಗಿ ಒತ್ತುವ ಮೌಸ್‌ನಿಂದ ಲೆಕ್ಕವೇ ಜಾಗ ತಪ್ಪುತ್ತದೆ.

ಸ್ವಿಚ್ ಬದಲಿಸಬಹುದು. ಮೊಬೈಲ್ ರಿಪೇರಿಯಲ್ಲಿ ಬೆಸುಗೆ ಚೆನ್ನಾಗಿ ಗೊತ್ತಿರುವವರಿಗೆ ಹತ್ತು ನಿಮಿಷದ ಕೆಲಸ. ದುಬಾರಿ ಮೌಸ್ ಆದರೆ ಮಾಡಿಸಿ. ಮೂರು ನಾಲ್ಕು ನೂರರ ಮೌಸ್‌ಗೆ ಕೂಲಿಯೇ ಅಷ್ಟಾಗುತ್ತದೆ. ಡಬಲ್ ಕ್ಲಿಕ್ ವೇಗದ ಸೆಟ್ಟಿಂಗ್ ಬದಲಿಸಿ ಅಂತ ಕೆಲವರು ಹೇಳುತ್ತಾರೆ. ಕೆಲ ದಿನ ಮುಚ್ಚಿಹಾಕಬಹುದು, ಸವೆತ ನಿಲ್ಲುವುದಿಲ್ಲ.

ಮಗನ ಮಾತಿಗೂ ಉತ್ತರ ಕೊಡಬೇಕು. ಡ್ರೈವರ್ ಅಂದರೆ ಮೌಸ್ ಮಾತನ್ನು ವಿಂಡೋಸ್‌ಗೆ ತಿಳಿಸುವ ಸಣ್ಣ ಸಾಫ್ಟ್‌ವೇರ್. ಸಾಮಾನ್ಯ ಮೌಸ್‌ಗೆ ಬೇಕಾದದ್ದು ವಿಂಡೋಸ್ ಒಳಗೇ ಇದೆ. ಬೇರೆ ತರಬೇಕಿಲ್ಲ. ಡಿವೈಸ್ ಮ್ಯಾನೇಜರ್‌ನಲ್ಲಿ ಮೌಸ್ ಹೆಸರಿನ ಮೇಲೆ ‘ಅನ್‌ಇನ್‌ಸ್ಟಾಲ್’ ಕೊಟ್ಟು ರೀಸ್ಟಾರ್ಟ್ ಮಾಡಿದರೆ ತಾನೇ ಹೊಸದಾಗಿ ಹಾಕಿಕೊಳ್ಳುತ್ತದೆ. ಅಷ್ಟು ಮಾಡಲಿ, ಅಪಾಯವಿಲ್ಲ. ಆದರೆ ಹುಡುಕಿದಾಗ ಬರುವ ‘ಉಚಿತ ಡ್ರೈವರ್ ಅಪ್‌ಡೇಟರ್’ಗಳನ್ನು ಇಳಿಸಿಕೊಳ್ಳುವುದು ಬೇಡ ಅಂತ ಹೇಳಿ. ಅವುಗಳಲ್ಲಿ ಎಷ್ಟೋ ಬೇಡದ ಸಾಫ್ಟ್‌ವೇರ್ ಜೊತೆಗೇ ತರುತ್ತವೆ. ಇಲ್ಲದ ವೈರಸ್ ಹಾಗೆ ಬಂದೀತು.

ಮದರ್‌ಬೋರ್ಡ್ ಹೋಗಿರಬಹುದಾ? ಹೋಗಬಹುದು, ಆದರೆ ಅದನ್ನು ಹೇಳಲು ಸಾಕ್ಷಿ ಬೇಕು. ಫೋನಿನಲ್ಲಿ ಚೆನ್ನಾಗಿ ಓಡಿದ ಮೌಸ್, ಕಂಪ್ಯೂಟರ್‌ನ ಯಾವ ತೂತಿನಲ್ಲೂ ಓಡದಿದ್ದರೆ ಮಾತ್ರ ಆ ಮಾತು. ಆಗಲೂ ಮೊದಲು ಶಟ್‌ಡೌನ್ ಮಾಡಿ, ಪ್ಲಗ್ ಕಿತ್ತು, ಪವರ್ ಗುಂಡಿಯನ್ನು ಹದಿನೈದು ಸೆಕೆಂಡ್ ಒತ್ತಿ ಹಿಡಿಯಿರಿ. ಒಳಗೆ ಉಳಿದ ಕರೆಂಟ್ ಇಳಿಯುತ್ತದೆ. ಕರೆಂಟ್ ಹೋಗಿ ಬಂದಾಗ ಸ್ತಬ್ಧವಾಗಿದ್ದ ಯು.ಎಸ್.ಬಿ. ತೂತುಗಳು ಇದರಿಂದ ಎದ್ದಿರುವುದುಂಟು. ಅದಕ್ಕೂ ಬಗ್ಗದಿದ್ದರೆ, ಬರುವ ರಿಪೇರಿಯವರಿಗೆ ಪೆನ್‌ಡ್ರೈವ್‌ನಿಂದ ಉಬುಂಟು (ವಿಂಡೋಸ್ ಬದಲು ಕಂಪ್ಯೂಟರ್ ನಡೆಸುವ ಇನ್ನೊಂದು ವ್ಯವಸ್ಥೆ) ಆನ್ ಮಾಡಿ ತೋರಿಸಿ ಅಂತ ಕೇಳಿ. ಇನ್‌ಸ್ಟಾಲ್ ಮಾಡದೆ, ನಿಮ್ಮ ಡಿಸ್ಕ್ ಮುಟ್ಟದೆ ನೋಡಬಹುದು. ಅಲ್ಲಿ ಮೌಸ್ ಓಡಿದರೆ ಬೋರ್ಡ್ ಸರಿಯಿದೆ, ವಿಂಡೋಸ್‌ನಲ್ಲಿ ತೊಂದರೆ. ಅಲ್ಲೂ ಓಡದಿದ್ದರೆ ಬೋರ್ಡ್‌ನ ಯು.ಎಸ್.ಬಿ. ಭಾಗದ ಮೇಲೆ ಅನುಮಾನ ಪಡಬಹುದು. ಆಗಲೂ ಇಡೀ ಬೋರ್ಡ್ ಬದಲಿಸಬೇಕಿಲ್ಲ. ಒಳಗೆ ಸಿಕ್ಕಿಸುವ ಯು.ಎಸ್.ಬಿ. ಕಾರ್ಡ್ ಸಿಗುತ್ತದೆ, ಬೋರ್ಡಿಗಿಂತ ಬಹಳ ಅಗ್ಗ. ಹಿಂದೆ ಹಸಿರು ಬಣ್ಣದ ದುಂಡನೆಯ ಹಳೇ ಮೌಸ್ ತೂತು ಇದ್ದರೆ ಅದಕ್ಕೆ ಹೊಂದುವ ಮೌಸ್ ಕೂಡ ನಡೆಯುತ್ತದೆ. ಅದನ್ನು ಮಾತ್ರ ಕಂಪ್ಯೂಟರ್ ಆಫ್ ಮಾಡಿಯೇ ಚುಚ್ಚಬೇಕು.

ಎಲ್ಲ ಆಗಿ ಫಾರ್ಮ್ಯಾಟ್ ಮಾಡಲೇಬೇಕು ಅಂತಾದರೆ ಟ್ಯಾಲಿ ಲೈಸೆನ್ಸ್ ಮೊದಲು ಸರೆಂಡರ್ ಮಾಡಿಸಿ (ಅಂದರೆ ಈ ಕಂಪ್ಯೂಟರ್‌ನಿಂದ ಬಿಡಿಸಿ), ಬ್ಯಾಕಪ್ ಬೇರೆ ಕಂಪ್ಯೂಟರ್‌ನಲ್ಲಿ ತೆರೆದು ಲೆಕ್ಕ ಸರಿಯಿದೆಯಾ ಕಣ್ಣಾರೆ ನೋಡಿ. ತೆಗೆದ ಬ್ಯಾಕಪ್ ತೆರೆಯದೆ ಹೋದದ್ದನ್ನು ಕಂಡು ಅತ್ತವರನ್ನು ನೋಡಿದ್ದೇನೆ.

ಈಗ ನೀವು “ಹಾಂ” ಅಂತ ಕೊನೆಗೆ ಸೇರಿಸಿದ ಮಾತು. ಸಿ.ಪಿ.ಯು. ಮುಟ್ಟಿದರೆ ಜುಮ್ ಅನ್ನುವುದು. ಮೇಡಂ, ಮೌಸ್ ಹಾಗಿರಲಿ, ಇದನ್ನು ಮೊದಲು ನೋಡಿಸಿ. ಕಂಪ್ಯೂಟರ್ ಪವರ್ ಸಪ್ಲೈ ಒಳಗೆ ಕರೆಂಟಿನ ಗದ್ದಲ ಸೋಸಲು ಸಣ್ಣ ಕೆಪಾಸಿಟರ್‌ಗಳಿವೆ. ಅವು ಸೋಸಿದ್ದನ್ನು ಅರ್ಥಿಂಗ್ ವೈರ್ ಮೂಲಕ ನೆಲಕ್ಕೆ ಬಿಡಬೇಕು. ಅರ್ಥಿಂಗ್ ಇಲ್ಲದಿದ್ದರೆ ಅದು ಡಬ್ಬದ ಮೇಲೇ ನಿಲ್ಲುತ್ತದೆ. ಆಗ 230 ವೋಲ್ಟಿನ ಹೆಚ್ಚುಕಮ್ಮಿ ಅರ್ಧ ಡಬ್ಬದ ಮೇಲಿರುತ್ತದೆ. ಅದರಲ್ಲಿ ಹರಿಯುವ ಕರೆಂಟ್ ತೀರಾ ಕಮ್ಮಿ, ಅದಕ್ಕೇ ಬರೀ ಜುಮ್ ಅಂದು ಬಿಡುತ್ತದೆ. ಅಪಾಯ ಇರುವುದು ಮುಂದೆ. ಒಳಗೆ ನಿಜವಾಗಿ ಏನಾದರೂ ಕೆಟ್ಟು ಫೇಸ್ ವೈರ್ ಡಬ್ಬಕ್ಕೆ ತಾಗಿದರೆ, ಅದನ್ನು ನೆಲಕ್ಕೆ ಒಯ್ಯಲು ನಿಮ್ಮಲ್ಲಿ ಏನೂ ಇಲ್ಲ. ಮುಟ್ಟಿದವರ ಮೈಯೇ ದಾರಿಯಾಗುತ್ತದೆ. ಯು.ಎಸ್.ಬಿ. ಕೂಡ ಇದರಿಂದ ಆಗಾಗ ಗೊಂದಲಕ್ಕೆ ಬೀಳುತ್ತದೆ, ಮೌಸ್ ನಿಲ್ಲಲು ಇದರದ್ದೂ ಪಾಲಿರಬಹುದು.

ಮೂರು ಪಿನ್ನಿನ ಪ್ಲಗ್‌ಗೆ ಎರಡು ಪಿನ್ನಿನ ಜೋಡಣೆ ಹಾಕಿದ್ದರೆ ಇವತ್ತೇ ತೆಗೆಯಿರಿ. ಎಕ್ಸ್‌ಟೆನ್ಷನ್ ಬಾಕ್ಸ್ ಒಳಗೆ ಮೂರನೇ ವೈರ್ ಇದೆಯಾ ತೆಗೆಸಿ ನೋಡಿಸಿ, ಅಗ್ಗದವುಗಳಲ್ಲಿ ತೂತು ಇರುತ್ತದೆ, ವೈರ್ ಇರುವುದಿಲ್ಲ. ಮೀಟರ್‌ವರೆಗೆ ಬೆಸ್ಕಾಂನವರು ನೋಡಿಕೊಳ್ಳುತ್ತಾರೆ. ಅಲ್ಲಿಂದ ಒಳಗಿನ ವೈರಿಂಗ್, ಅರ್ಥಿಂಗ್ ನಿಮ್ಮದೇ ಜವಾಬ್ದಾರಿ. ಲೈಸೆನ್ಸ್ ಇರುವ ಎಲೆಕ್ಟ್ರಿಷಿಯನ್ ಕರೆಸಿ, ಫೇಸ್‌ನಿಂದ ಅರ್ಥಿಗೆ ದೀಪ ಹಚ್ಚಿಸಿ ನೋಡಿ. ದೀಪ ಮಂಕಾದರೆ, ಇಲ್ಲವೇ ಹತ್ತದಿದ್ದರೆ ಅರ್ಥಿಂಗ್ ಸತ್ತಿದೆ. ಹೊರಗೆ ಅರ್ಥಿಂಗ್ ಗುಂಡಿ ಇದ್ದರೆ ಬೇಸಿಗೆಯಲ್ಲಿ ನೀರು ಹಾಕಿಸುತ್ತಿರಿ. ನಮ್ಮ ಬಯಲುಸೀಮೆಯ ಬಿಸಿಲಿಗೆ ಮಣ್ಣು ಒಣಗಿದರೆ ಅದು ಕೆಲಸ ಮಾಡುವುದಿಲ್ಲ. ಕೈಲಾದರೆ ಅದೇ ಸಲ 30 ಮಿಲಿಆಂಪಿಯರ್‌ನ ಆರ್.ಸಿ.ಸಿ.ಬಿ. ಹಾಕಿಸಿ, ಅದು ಕರೆಂಟ್ ಸೋರಿದ ಕೂಡಲೇ ಲೈನ್ ಕಡಿಯುವ ಸ್ವಿಚ್. ಹಮಾಲರು ಬರಿಗಾಲಲ್ಲಿ ಓಡಾಡುವ ಜಾಗ ಅದು. ಅಲ್ಲಿಯವರೆಗೆ ಒದ್ದೆ ಕೈಯಲ್ಲಿ, ಬರಿಗಾಲಲ್ಲಿ ಡಬ್ಬ ಮುಟ್ಟಬೇಡಿ. ವೈರ್ ಕಿತ್ತು ಚುಚ್ಚುವಾಗಲೂ ಪ್ಲಗ್ ತೆಗೆದೇ ಮಾಡಿ.

ಹೊಸ ಮೌಸ್ ಕೊಳ್ಳುವುದಾದರೆ ನಿಮ್ಮ ಅಂಗಡಿಗೆ ವೈರ್ ಇರುವುದೇ ಸರಿ. ಸೆಲ್ ಚಿಂತೆ ಇಲ್ಲ, ಡಾಂಗಲ್ ಕಳೆಯುವುದಿಲ್ಲ. ಗುರುತಿರುವ ಕಂಪನಿಯ ಸಾದಾ ಮೌಸ್ ಸಾಕು. ಆದರೆ ಮೊದಲು ಸೆಟ್ಟಿಂಗ್ ಬದಲಿಸಿ ನಿಮ್ಮ ಹಳೇ ವೈರ್ ಮೌಸನ್ನೇ ನೋಡಿ, ಬಹುಶಃ ಅದಕ್ಕೆ ಏನೂ ಆಗಿಲ್ಲ. ವೈರ್‌ಲೆಸ್ ತಂದ ಬಿಲ್ ಇಟ್ಟಿದ್ದೀರಾ? ಹೆಸರಿರುವ ಕಂಪನಿಗಳು ಮೌಸ್‌ಗೆ ಒಂದರಿಂದ ಮೂರು ವರ್ಷ ವಾರಂಟಿ ಕೊಡುತ್ತವೆ. ಡಾಂಗಲ್ ಜಾಗ ಬದಲಿಸಿ, ಪ್ಯಾಡ್ ಹಾಕಿದ ಮೇಲೂ ಅದು ಕುಂಟಿದರೆ ಬಿಲ್ ಸಮೇತ ಅಂಗಡಿಗೆ ಒಯ್ದು ಬದಲಿಸಿಕೊಡಿ ಅಂತ ಕೇಳಿ.